ಒತ್ತು

ಎಸ್.ಪಿ. ರಸ್ತೆಯ ಸಂದಿಯಂಗಡಿಯಲ್ಲಿ
ಸುಮೇರ್‌ಮಲ್ಲರು ಮೂರು ಮಿಷನ್ನು ಸಾಲಾಗಿಟ್ಟು ಕೇಳಿದರು:
"ನೂರಹತ್ತು ಬಾರು, ನೂರೈವತ್ತು, ಇನ್ನೂರು.
ಏನು ತೊಳೀಬೇಕಮ್ಮ?"

ಬಾರು ಅಂದರೆ ನನಗೆ ಗೊತ್ತಿದ್ದದ್ದು ಎರಡೇ:
ಚಪ್ಪಲಿಯದ್ದು,
ಹೆಗ್ಗನಹಳ್ಳಿ ಕ್ರಾಸಿನ ಮೂಲೆಯದ್ದು.

ಏನು ತೊಳೀಬೇಕು ಅಂದರೆ ಏನು ಹೇಳಲಿ.
ಆಟೋ. ಹಾಲಿನ ವ್ಯಾನು.
ಪೀಣ್ಯದ ಲೇತಿನೆಣ್ಣೆ ಮೆತ್ತಿದ ಟೆಂಪೋ.
ಒಮ್ಮೊಮ್ಮೆ ಹೂವಿನ ಎಸಳು ಅಂಟಿದ ಹೆಣದ ಗಾಡಿ,
ಅದಕ್ಕೆ ಕಾಸು ತಗೊಳ್ಳೋದಿಲ್ಲ.
"ಎಲ್ಲಾ" ಅಂದೆ.

ಎಲ್ಲಾ ಅಂದವರಿಗೆ ಇನ್ನೂರೇ ಕೊಡುತ್ತಾರೆ.
ಅಂಗಡಿ ಮುಂದಿನ ಚಪ್ಪಡಿಗೆ ಬಿಟ್ಟು ತೋರಿಸಿದರು.
ಮೂವತ್ತು ವರ್ಷದ ಎಲೆಯಡಿಕೆ ಉಗುಳು
ಒಂದೇ ಗೆರೆಯಲ್ಲಿ ಎದ್ದುಹೋಯಿತು.
ಒಳಗೆ ಇಂಥ ಬಿಳಿ ಇದೆಯೆಂದು ಕಲ್ಲಿಗೇ ಗೊತ್ತಿದ್ದಂತಿಲ್ಲ.
ಮೂಟೆ ಹೊತ್ತವನೊಬ್ಬ ನಿಂತು, ಕೊಳೆಗಾಲು ಚಾಚಿ,
ನನಗೂ ಒಂದು ಬಿಡಿ ಅಂದ.
"ಬೇಡಪ್ಪ, ಚರ್ಮ ಬರತ್ತೆ."

ಸಾಲ ಮಾಡಿ ತಂದೆ.

ಮೊದಲ ವಾರ ಹಬ್ಬ.
ಮಡ್‌ಗಾರ್ಡಿನ ಕೆಸರು ರೊಟ್ಟಿಯ ಹಾಗೆ ಕಳಚಿ ಬೀಳೋದು.
ಆರು ಸಾವಿರ ಲೀಟರಿನ ಟ್ಯಾಂಕರು ಮೂರೇ ದಿನಕ್ಕೆ ಖಾಲಿ,
ಅದು ಆಮೇಲೆ ತಿಳಿಯಿತು.

ಮಂಗಳವಾರ ಕೆಂಪರಾಜಣ್ಣನ ಆಟೋ ಬಂತು.
ಅದರ ಬೆನ್ನ ಮೇಲೆ ನಮ್ಮಪ್ಪನ ಅಕ್ಷರ.
ಮುನಿವೆಂಕಟಪ್ಪ ಆರ್ಟ್ಸ್, ಸ್ಟಿಕ್ಕರ್ ಬರೋಕೆ ಮುಂಚೆ
ಈ ಕಡೆಯ ಗಾಡಿಗಳೆಲ್ಲ ಮಾತಾಡಿದ್ದು ಅಪ್ಪನ ಬ್ರಷ್ಷಲ್ಲಿ.
ಉಳಿದದ್ದು ಇದೊಂದೇ:
"ಅವಸರ ಬೇಡ, ಹಾಲು ಇನ್ನೂ ಉಕ್ಕಿಲ್ಲ."
ಹಳದಿ ಅಕ್ಷರ, ಅಂಚಿಗೆ ಕೆಂಪು ನೆರಳು.

ನಾನು ಕೆಂಪು ಮೂತಿ ಸಿಕ್ಕಿಸಿ,
ಸೂಜಿಯಂಥ ಒಂದೇ ಎಳೆ ನೀರು,
ಹತ್ತಿರ ನಿಂತು ಒತ್ತಿದೆ.

ಶೆಡ್ಡಿನ ಸ್ಟೂಲಿನಲ್ಲಿ ಕೂತಿದ್ದ ಅಪ್ಪ ಕಣ್ಣು ಕಿರಿದು ಮಾಡಿ
ಜೋರಾಗಿ ಓದಿದರು:
"ಹಾಲು... ಇನೂ... ಉಕಿಲ."

ಸುಮ್ಮನಾದರು. ನೀರು ಸೋರುತ್ತಿತ್ತು.
ನಾನು ಗನ್ನನ್ನು ಸೀರೆಯ ಹಿಂದೆ ಮುಚ್ಚಿಟ್ಟುಕೊಂಡೆ,
ಏಳು ವರ್ಷದವಳ ಹಾಗೆ.

"ಒತ್ತುಗಳನ್ನ ಕಡೇಲಿ ಬರೀತಿದ್ದೆ ಕಣಮ್ಮ,
ಬ್ರಷ್ಷಲ್ಲಿ ಬಣ್ಣ ಮುಗಿಯೋ ಹೊತ್ತಿಗೆ.
ತೆಳು ಅವು.
ಒತ್ತಡ ಜಾಸ್ತಿ ಆದರೆ ಮೊದಲು ಹೋಗೋದು ಒತ್ತೇ."
ಬೈಗುಳದ ಹಾಗಿರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗಿತ್ತು.

ಮಾರನೇ ದಿನ ಮಿಷನ್ನು ಹೊತ್ತು ವಾಪಸ್ಸು ಹೋದೆ.
ಎರಡೂವರೆ ಸಾವಿರ ಹಿಡಿದುಕೊಂಡು
ಸುಮೇರ್‌ಮಲ್ಲರು ನೂರಹತ್ತರದ್ದು ಕೊಟ್ಟರು,
ಜೊತೆಗೆ ಅಗಲ ಬಾಯಿಯ ಬಿಳಿ ಮೂತಿ.
ಚಪ್ಪಡಿಯ ಬಿಳಿ ಗೆರೆ ಹುಡುಕಿದೆ.
ಅದರ ಮೇಲೆ ಆಗಲೇ ಹೊಸ ಕೆಂಪು.

ಈಗ ಗಾಡಿ ಬಂದರೆ ಮೊದಲು ಒಂದು ಸುತ್ತು ಹಾಕುತ್ತೇನೆ.
ಕಬ್ಬಿಣಕ್ಕೆ ಹತ್ತಿರ. ರೆಕ್ಸಿನ್ನಿಗೆ ಒದ್ದೆ ಬಟ್ಟೆ.
ಹೆಡ್‌ಲೈಟಿನ ಹಿಂದೆ ಕಡಜದ ಮಣ್ಣುಗೂಡಿದ್ದರೆ ನೀರೇ ಬೇಡ, ಕಡ್ಡಿ ಸಾಕು.
ಬಣ್ಣಕ್ಕೆ ಎರಡು ಮಾರು ದೂರ.
ಅಕ್ಷರ ಇದ್ದರೆ ಗನ್ನು ಕೆಳಗಿಟ್ಟು ಅಪ್ಪನ ಕೈಗೆ ಬರೀ ಪೈಪು.
ಬಾಯಿಗೆ ಹೆಬ್ಬೆರಳಿಟ್ಟು, ಒಂಚೂರು ಬಿಟ್ಟು, ಒಂಚೂರು ಮುಚ್ಚಿ,
ಉಗುರಿನ ಸಂದಿಯಲ್ಲಿ ಇನ್ನೂ ಯಾವುದೋ ಕಾಲದ ಹಳದಿ.
ಆ ಕೈ ನಡುಗುತ್ತದೆ, ಅದಕ್ಕೇ ನೀರು
ಬೀಸಣಿಗೆಯ ಹಾಗೆ ಹರಡಿ ಬೀಳುತ್ತದೆ.

ಒತ್ತು ಮತ್ತೆ ಬರೆಸಿಕೊಡ್ತೀನಿ ಅಂದರೆ
ಕೆಂಪರಾಜಣ್ಣ ಒಪ್ಪಲಿಲ್ಲ.
ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಿನಲ್ಲಿ ಹಿಂದಿನ ಬೈಕಿನವನು
ಹೆಲ್ಮೆಟ್ಟು ಎತ್ತಿ ಕೇಳಿದನಂತೆ:
"ಅಣ್ಣಾ, ನೀವು ವಕೀಲರಾ?"
ಈಗ ಸ್ಟ್ಯಾಂಡಿನಲ್ಲಿ ಅವನ ಹೆಸರೇ ಹಾಲು ವಕೀಲ.
ಬಾಡಿಗೆ ಹೆಚ್ಚಿದೆ ಅನ್ನುತ್ತಾನೆ.
ನಂಬುವುದು ಕಷ್ಟ.
ಆದರೂ ತೊಳೆಸೋಕೆ ನಮ್ಮಲ್ಲಿಗೇ ಬರುತ್ತಾನೆ.